ತೋಟೆಯ ಕಿಲುಬು

ಹಬ್ಬದ ಹಿಂದಿನ ದಿನ ಹುಣಿಸೆಹಣ್ಣನ್ನೂ ಬೂದಿಯನ್ನೂ ಹಿಡಿದು ತಂಬಿಗೆ ಕೊಡಗಳ ಮುಂದೆ ಕುಳಿತ ಹಿರಿಯರನ್ನು ಕಂಡು ಬೆಳೆದ ನಮಗೆ ಕಪ್ಪಿಟ್ಟ ಹಿತ್ತಾಳೆ ಕಣ್ಣಿಗೆ ಬಿದ್ದರೆ ಅದನ್ನು ಉಜ್ಜಿ ಬೆಳಗಬೇಕೆನಿಸುವುದು ಸಹಜವೇ ಆಗಿದೆ. ಬಂದೂಕದ ಖಾಲಿ ತೋಟೆಯನ್ನು ತೊಳೆದು ಮರಳಿ ತುಂಬುವ ಹವ್ಯಾಸಿಗಳಿಗೂ ಇದೇ ಚಪಲ. ಆದರೆ ತೋಟೆಯು ತಂಬಿಗೆಯಲ್ಲ. ಅದನ್ನು ಬೆಳಗುವ ವಿಧಾನದಲ್ಲಿ ಎಡವಿದರೆ ಏನಾಗುವುದೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟದ್ದು ನಮ್ಮ ದೇಶದ ಮಳೆಗಾಲವೇ.

ನಮ್ಮ ಮಲೆನಾಡಿನವರು ಕೇಪಿನ ಕೋವಿ, ತೋಟೆ ಕೋವಿ ಎಂದು ಎರಡು ಬಗೆ ಹೇಳುವುದುಂಟು. ಮೊದಲನೆಯದರಲ್ಲಿ ಮದ್ದು, ಗುಂಡು, ಕೇಪುಗಳನ್ನು ಬೇರೆಬೇರೆಯಾಗಿ ಇಡಬೇಕು. ಎರಡನೆಯದರಲ್ಲಿ ಮೂರೂ ಒಂದೇ ಕವಚದೊಳಗೆ ಅಡಕವಾಗಿರುತ್ತವೆ. ಬ್ರಿಟಿಷ್ ಸೈನ್ಯಕ್ಕೆ ಇಂತಹ ತೋಟೆಯನ್ನು ರೂಪಿಸಿಕೊಟ್ಟವನು ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್, ಕಾಲ ೧೮೬೬. ಅವನ ತೋಟೆ ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ ಮಾಡಿದುದು, ಬಹುಬೇಗ ನಜ್ಜುಗುಜ್ಜಾಗುತ್ತಿತ್ತು. ತರುವಾಯ ಹಿತ್ತಾಳೆಯ ಒಂದೇ ಬಿಲ್ಲೆಯನ್ನು ಅಚ್ಚಿನಿಂದ ಅಚ್ಚಿಗೆ ಒತ್ತುತ್ತ, ನಡುನಡುವೆ ಕಾಯಿಸಿ ಮೃದುಗೊಳಿಸುತ್ತ, ನೀಳವಾದ ಕೊಳವೆಯಾಗಿ ಎಳೆಯುವ ಕ್ರಮ ನೆಲೆಗೊಂಡಿತು. ಈ ಹಿತ್ತಾಳೆಯಲ್ಲಿ ನೂರಕ್ಕೆ ೭೦ ಪಾಲು ತಾಮ್ರ, ೩೦ ಪಾಲು ಸತು.

ಇಷ್ಟು ಶ್ರಮದಿಂದ ಮಾಡಿದ ಕವಚವನ್ನು ಒಂದೇ ಸಲಕ್ಕೆ ಎಸೆಯಲು ಮನಸ್ಸಾದರೂ ಹೇಗೆ ಬಂದೀತು? ೧೮೮೦ರ ದಶಕದಲ್ಲಿ ಅಮೆರಿಕದ ಸೈನ್ಯವು ತನ್ನ ಠಾಣೆಗಳಲ್ಲಿ ಅಭ್ಯಾಸಕ್ಕಾಗಿ ಖಾಲಿ ತೋಟೆಗಳನ್ನು ಮರಳಿ ತುಂಬಿಸುತ್ತಿತ್ತು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಹಿತ್ತಾಳೆಯನ್ನು ತಿನ್ನತೊಡಗುವುದರಿಂದ ಹಾರಿಸಿದೊಡನೆಯೇ ತೊಳೆಯುವುದು ಅಗತ್ಯವಾಗಿತ್ತು. ಹೊಗೆಯಿಲ್ಲದ ಮದ್ದು ಬಂದಮೇಲೆ ಮಸಿಯೇನೋ ಕಡಮೆಯಾಯಿತು; ಆದರೆ ಹೊಸದೊಂದು ಕೇಡು ತಲೆಯೆತ್ತಿತು. ಆಗಿನ ಕೇಪುಗಳಲ್ಲಿ ಪಾದರಸದ ಲವಣವಿರುತ್ತಿತ್ತು. ಮೊದಲು ಆ ಪಾದರಸವನ್ನು ಬಹುಮಟ್ಟಿಗೆ ಮಸಿಯೇ ಹಿಡಿದುಕೊಳ್ಳುತ್ತಿತ್ತು. ಮಸಿ ಹೋದಮೇಲೆ ಅದು ನೇರವಾಗಿ ಹಿತ್ತಾಳೆಯೊಡನೆ ಬೆರೆತು ಕವಚವನ್ನು ಪೆಡಸುಗೊಳಿಸಿತು. ಇಂತಹ ಕವಚವನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಕೊಳಕೆಂದು ನಾವು ಜರೆಯುವ ವಸ್ತುವೇ ರಕ್ಷಕನಾಗಿದ್ದಿತೆಂಬುದು ಸೋಜಿಗವಲ್ಲವೆ!

ಇನ್ನು ಭಾರತದ ಪ್ರಸಂಗ. ಮಳೆಗಾಲದಲ್ಲಿ ದಂಡಿನ ಓಡಾಟ ತಗ್ಗುತ್ತಿದ್ದುದರಿಂದ ಬ್ರಿಟಿಷ್ ಸೈನ್ಯವು ತೋಟೆಗಳನ್ನು ಕುದುರೆಯ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ನಿಂತು ಪೆಟ್ಟಿಗೆ ತೆರೆದು ನೋಡಿದರೆ ಎಷ್ಟೋ ತೋಟೆಗಳು, ಯಾರೂ ಮುಟ್ಟದಿದ್ದರೂ, ಗುಂಡನ್ನು ಬಿಗಿದಿದ್ದ ಕತ್ತಿನ ಬಳಿ ಸೀಳಿಹೋಗಿದ್ದವು. ಇದಕ್ಕೆ ಇಂಗ್ಲಿಷರು ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಿಟ್ಟರು. ಒಣಗಿದ ಮರದ ಬಿರುಕನ್ನು ಹೋಲುವುದರಿಂದ ಈ ಹೆಸರೆನ್ನುವವರೂ ಉಂಟು. ನಾವಂತೂ ಮಳೆಗಾಲದ ಬಿರುಕು ಎಂದರೆ ತಪ್ಪಾಗದು. ೧೯೨೧ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು ಇದರ ಮರ್ಮವನ್ನು ವಿವರಿಸಿದರು. ಕುದುರೆಯ ಮೂತ್ರದಿಂದೇಳುವ ಅಮೋನಿಯ ತೇವದೊಡನೆ ಸೇರಿ ತಾಮ್ರವನ್ನು ಕರಗಿಸುತ್ತದೆ. ಲೋಹದೊಳಗೆ ಬಿಗುವು ಉಳಿದಿರುವೆಡೆ ಅದು ಬಿರುಕಾಗಿ ಒಳಕ್ಕಿಳಿಯುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಬಿರುಕಿಲ್ಲ. ಆದುದರಿಂದಲೇ ಕವಚವನ್ನು ಹದವಾಗಿ ಕಾಯಿಸಿ ಬಿಗುವು ಕಳೆಯುವುದೇ ಪರಿಹಾರವಾಯಿತು.

ಈ ವೃತ್ತಾಂತವು ಬೆಳಗುವವನಿಗೆ ತೀರ ಹತ್ತಿರದ್ದು. ಹಿತ್ತಾಳೆಯ ಕಿಲುಬನ್ನು ಅತಿ ಬೇಗ ತೆಗೆಯುವ ದ್ರವ್ಯಗಳಲ್ಲಿ ಅಮೋನಿಯವೂ ಒಂದು. ಪೇಟೆಯ ಕೆಲವು ಪಾಲಿಶುಗಳಲ್ಲಿ ಅದಿರುತ್ತದೆ. ಕಲಾಯಿಯವನ ನವಸಾಗರವೂ ಅಮೋನಿಯದ ಲವಣವೇ. ಪಾತ್ರೆಗೆ ಸಲ್ಲುವ ಈ ವಸ್ತುಗಳು ತೋಟೆಗೆ ಸಲ್ಲವು. ಹಾರಿಸುವಾಗ ಕವಚದೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ೩,೦೦೦ ಪಟ್ಟಿಗೇರುತ್ತದೆ. ಆಗ ಹಿತ್ತಾಳೆ ಸೀಳಿದರೆ ಬಿಸಿಗಾಳಿ ನುಗ್ಗುವುದು ಕೋವಿಗೆ ಕೆನ್ನೆಯಿಟ್ಟವನ ಕಣ್ಣಿಗೆ.

ಹಾಗಾದರೆ ದಟ್ಟವಾಗಿ ಕಿಲುಬು ಹಿಡಿದ ಖಾಲಿ ಕವಚಕ್ಕೆ ಏನು ಮಾಡಬೇಕು? ನಮ್ಮ ಹಿರಿಯರ ಹುಣಿಸೆಹಣ್ಣಿನ ಜಾಡೇ ಸರಿ. ಹುಣಿಸೆಯ ಟಾರ್ಟಾರಿಕ್ ಆಮ್ಲವೂ ನಿಂಬೆಯ ಸಿಟ್ರಿಕ್ ಆಮ್ಲವೂ ತಾಮ್ರದ ಕಿಲುಬನ್ನು ಕರಗಿಸುತ್ತವೆ. ಒಳಗಿನ ಲೋಹಕ್ಕೆ ಅಷ್ಟಾಗಿ ಕೈಹಾಕವು. ಇಂದಿನ ಹವ್ಯಾಸಿಗಳು ಹಳೆಯ ಕೇಪನ್ನು ತೆಗೆದು, ಒಂದು ಲೀಟರ್ ಬಿಸಿನೀರಿಗೆ ಒಂದೆರಡು ಚಹದ ಚಮಚ ಸಿಟ್ರಿಕ್ ಆಮ್ಲ ಬೆರೆಸಿ, ಹತ್ತು ಹದಿನೈದು ನಿಮಿಷ ನೆನೆಯಿಡುತ್ತಾರೆ. ಚೆನ್ನಾಗಿ ಜಾಲಿಸಿ ಒಣಗಿಸಿದ ಮೇಲೆ ಅಕ್ರೋಡಿನ ಚಿಪ್ಪಿನ ತರಿಯೊಡನೆ ತಿರುಗುವ ಡಬ್ಬಿಯಲ್ಲಿ ಉರುಳಿಸುತ್ತಾರೆ. ಮದ್ದು ತುಂಬಿದ ತೋಟೆಗೆ ಈ ಯಾವ ಉಪಚಾರವೂ ಕೂಡದು. ಕಿಲುಬು ಹೋದಮೇಲೆ ಮೇಲ್ಮೈ ತುಸು ಗುಲಾಬಿಯಾಗಿ ಕಂಡು, ಉಜ್ಜಿದರೆ ಹೋದರೆ ಚಿಂತೆಯಿಲ್ಲ. ಎಷ್ಟು ಉಜ್ಜಿದರೂ ಉಳಿದು, ಅಡಿಯಲ್ಲಿ ಕುಳಿಗಳು ಕಂಡರೆ ಸತು ಹೊರಟುಹೋಗಿ ಟೊಳ್ಳು ತಾಮ್ರ ಮಾತ್ರ ನಿಂತಿದೆಯೆಂದು ತಿಳಿದು ಆ ಕವಚವನ್ನು ಗುಜರಿಗೆ ಹಾಕುವುದೇ ಲೇಸು.

ಕಿಲುಬಲ್ಲದ ಒಂದು ಕಲೆಯೂ ಉಂಟು. ಸೈನ್ಯದ ತೋಟೆಗಳ ಕತ್ತಿನ ಬಳಿ ನೀಲಿ-ಕಂದಿನ ಒಂದು ಛಾಯೆ ಕಾಣುತ್ತದೆ. ಅದು ಬಿಗುವು ಕಳೆಯಲು ಕಾಯಿಸಿದ ಬೆಂಕಿಯ ಗುರುತು. ಬೇಟೆಯ ತೋಟೆಗಳನ್ನು ಮಾರುವವರು ಗಿರಾಕಿಯ ಕಣ್ಣಿಗಾಗಿ ಅದನ್ನು ಉಜ್ಜಿ ತೆಗೆಯುವುದುಂಟು. ಸೈನ್ಯದ ತೋಟೆಗಳಲ್ಲಿ, ಕಾಯಿಸಿದ್ದಾರೆಂಬುದು ಪರೀಕ್ಷಕನಿಗೆ ಕಾಣುವಂತೆ, ಹಾಗೆಯೇ ಬಿಡುತ್ತಾರೆ.