ಪಡುವಣ ಕಡಲು ತೆರೆದುಕೊಂಡ ಬಗೆ

ನೊಣವಿನಕೆರೆಯಿಂದ ಮಲ್ಪೆಯ ಕಡಲಿಗೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ಬಂಗಾಳ ಕೊಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ. ಆದರೂ ಈ ಸೀಮೆಯ ತೆಂಗಿನ ತೋಟಗಳ ಮೇಲೆ ಬಿದ್ದ ಮಳೆ ಪಡುವಣಕ್ಕೆ ಹರಿಯುವುದಿಲ್ಲ. ತುರುವೇಕೆರೆ ಕಡೆಯ ನೀರು ಶಿಂಷಾ ಸೇರಿ ಕಾವೇರಿಗೆ, ಚಿಕ್ಕನಾಯಕನಹಳ್ಳಿಯಿಂದ ಬಡಗಣಕ್ಕೆ ಇಳಿದದ್ದು ವೇದಾವತಿಯ ಮೂಲಕ ಕೃಷ್ಣೆಗೆ; ಎರಡೂ ಮೂಡಣ ಕಡಲಿಗೇ. ನೆಲದ ಈ ವಾಲಿಕೆಗೂ ಅರಬ್ಬೀ ಸಮುದ್ರದ ಹುಟ್ಟಿಗೂ ನಂಟಿದೆ. ಆ ಸಮುದ್ರ ಒಂದೇ ಸಲಕ್ಕೆ ತೆರೆದುಕೊಳ್ಳಲಿಲ್ಲ, ಅದು ಹೇಗೆ ತೆರೆಯಿತೆಂಬುದು ಭೂವಿಜ್ಞಾನಿಗಳಿಗೂ ಒಂದೇ ಸಲಕ್ಕೆ ತಿಳಿಯಲಿಲ್ಲ.

ಖಂಡಗಳು ಸರಿಯುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಹೇಳಿದ್ದರು. ಸರಿಸುವ ಬಲ ಯಾವುದೆಂದು ತೋರಿಸಲಾಗದ್ದರಿಂದ ಬಹುಮಂದಿ ಒಪ್ಪಲಿಲ್ಲ. ಪುರಾವೆ ಬಂದದ್ದು ಕಡಲತಳದಿಂದ. 1962ರಲ್ಲಿ ಅಮೆರಿಕದ ಹ್ಯಾರಿ ಹೆಸ್, ಕಡಲಡಿಯ ಬೆಟ್ಟಸಾಲುಗಳ ನಡುವೆ ಶಿಲಾಪಾಕ ಉಕ್ಕಿ ಹೊಸ ತಳ ಹುಟ್ಟುತ್ತ ಎರಡೂ ಕಡೆಗೆ ಸರಿಯುತ್ತದೆ ಎಂಬ ವಿಚಾರ ಮುಂದಿಟ್ಟರು. ಅದೇ ವರ್ಷ ಬ್ರಿಟಿಷ್ ಹಡಗು 'ಓವೆನ್' ಅರಬ್ಬೀ ಸಮುದ್ರದಂಚಿನ ಕಾರ್ಲ್ಸ್‌ಬರ್ಗ್ ಬೆಟ್ಟಸಾಲಿನ ಮೇಲೆ ಕಾಂತಕ್ಷೇತ್ರವನ್ನು ಅಳೆಯಿತು. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ತಣ್ಣಗಾಗುವ ಲಾವಾ ಆ ಹೊತ್ತಿನ ದಿಕ್ಕನ್ನು ಹಿಡಿದಿಡುತ್ತದೆ. ಹಾಗಾಗಿ ಬೆಟ್ಟಸಾಲಿನ ಎರಡೂ ಬದಿಗೆ ಸಮಾನ ಕಾಂತಪಟ್ಟೆಗಳಿರಬೇಕೆಂದು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಬರೆದರು. ಜಗತ್ತಿನ ಎಲ್ಲ ಸಾಗರಗಳ ವಯಸ್ಸು ಓದಲು ಬೇಕಾದ ಕೀಲಿಕೈ ಸಿಕ್ಕಿದ್ದರಲ್ಲಿ ನಮ್ಮ ಪಡುವಣ ಕಡಲಿನ ಅಳತೆಗಳ ಪಾಲಿದೆ. ನಮ್ಮ ಮಕ್ಕಳಿಗೆ ಪಾಠದಲ್ಲಿ ಇದನ್ನು ಹೇಳಲೇಬೇಕು.

ಆದರೆ ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಹೊತ್ತಿಗೆ ಈ ಕೀಲಿಕೈ ಒದಗುವುದಿಲ್ಲ. ಸುಮಾರು 12 ಕೋಟಿ ವರ್ಷದ ಹಿಂದಿನಿಂದ 8.3 ಕೋಟಿ ವರ್ಷದ ಹಿಂದಿನವರೆಗೆ ಧ್ರುವಗಳು ಬದಲಾಗಲೇ ಇಲ್ಲ. ಬೇರ್ಪಡೆ ನಡೆದದ್ದು ಆ ಅವಧಿಯಲ್ಲೇ. ಆಗ ಹುಟ್ಟಿದ ತಳದಲ್ಲಿ ಪಟ್ಟೆಗಳಿಲ್ಲ. ಆದ್ದರಿಂದಲೇ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ, ಊರವರ ತೋನ್ಸೆಪಾರಿಗೆ, ಅಷ್ಟು ಬೆಲೆ. ಅಲ್ಲಿನ ಕಂಬಗಲ್ಲುಗಳು ಖಂಡ ಹಿಗ್ಗಿ ತೆಳುವಾಗಿ ಒಡೆಯುವಾಗ ಉಕ್ಕಿದ ಲಾವಾದವು. ಹೊದಿಕೆ ತೆಳುವಾದಂತೆ ಕೆಳಗಿನ ಬಿಸಿ ಶಿಲೆ ಮೇಲೇರುತ್ತದೆ, ಒತ್ತಡ ತಗ್ಗಿ ಕರಗುತ್ತದೆ, ಸಿಕ್ಕ ಬಿರುಕಿನಲ್ಲಿ ನುಗ್ಗುತ್ತದೆ. 1995ರಲ್ಲಿ ಮಡಗಾಸ್ಕರ್‌ನ ಲಾವಾಕ್ಕೆ ಸುಮಾರು 8.8 ಕೋಟಿ ವರ್ಷ ಎಂದು ಗೊತ್ತಾಯಿತು. ಮಲ್ಪೆಯ ಕಲ್ಲಿಗೆ ಯುರೇನಿಯಂ-ಸೀಸದ ವಿಧಾನದಿಂದ 2000ದಲ್ಲಿ 9.12 ಕೋಟಿ, ಆರ್ಗಾನ್ ವಿಧಾನದಿಂದ 2001ರಲ್ಲಿ 8.56 ಕೋಟಿ ಬಂತು. ಸಂಖ್ಯೆಗಳ ಅಂತರ ಚಿಕ್ಕದಲ್ಲ. ಆದರೂ ಎರಡು ದಡಗಳ ಬೆಂಕಿ ಒಂದೇ ಕಾಲದ್ದೆಂಬ ಮಾತು ಗಟ್ಟಿಯಾಗಿ ನಿಂತಿತು.

ಒಳನಾಡಿನಲ್ಲೂ ಗುರುತುಗಳಿವೆ. ಕರ್ನಾಟಕದಲ್ಲಿ ಬಿರುಕಿಗೆ ನುಗ್ಗಿ ಗಟ್ಟಿಯಾದ ಕೆಲವು ಕರೀಕಲ್ಲಿನ ಪಟ್ಟಿಗಳು, ಅಂದರೆ ಡೈಕ್‌ಗಳು ಅದೇ ಕಾಲದವೆಂದು 2001ರ ಇನ್ನೊಂದು ಅಧ್ಯಯನ ತೋರಿಸಿತು. ಕರೀಕಲ್ಲಿನ ಪಟ್ಟಿ ಕಂಡಲ್ಲೆಲ್ಲ ಹಾಗೆನ್ನುವಂತಿಲ್ಲ. ಬೆಂಗಳೂರು ಸುತ್ತಿನ ಹಲವು ಡೈಕ್‌ಗಳಿಗೆ 230 ಕೋಟಿ ವರ್ಷ ದಾಟಿದೆ.

ಖಂಡ ಸೀಳಿದ ಕಡೆ ಅಂಚು ಏಳುತ್ತದೆ, ಹಿಂದಿನ ನೆಲ ವಾಲುತ್ತದೆ. ಘಟ್ಟದ ಏರು, ನದಿಗಳ ಮೂಡುಮುಖ ಎರಡಕ್ಕೂ ಇದೇ ಮೂಲವೆಂದು ಹಲವರ ಮತ. ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ 1993ರಲ್ಲಿ, ಪರ್ಯಾಯ ದ್ವೀಪ ತೀರಾ ಈಚೆಗೆ ಮತ್ತೆ ಎದ್ದಿದೆ ಎಂದು ವಾದಿಸಿದರು. ಆದರೆ 2016ರಲ್ಲಿ ಆನಿಸೆ ಬೊವೆ, ಎಂ. ಜಯಾನಂದ ಮೊದಲಾದವರು ಘಟ್ಟದ ಮೇಲಿನ ಮತ್ತು ಕೆಳಗಿನ ಮ್ಯಾಂಗನೀಸ್ ಖನಿಜಗಳ ವಯಸ್ಸು ತೆಗೆದು, ಘಟ್ಟದ ಕಡಿದಾದ ಮುಖ ಸುಮಾರು 4.7 ಕೋಟಿ ವರ್ಷದ ಹಿಂದೆಯೇ ಇತ್ತೆಂದರು. ಚಿಕ್ಕನಾಯಕನಹಳ್ಳಿಯವರಿಗೆ ಅದಿರಾಗಿ ಪರಿಚಿತವಾದ ಮ್ಯಾಂಗನೀಸ್ ಇಲ್ಲಿ ಗಡಿಯಾರವಾಯಿತು. ನನಗೆ ಈ ಪುರಾವೆಯೇ ಹೆಚ್ಚು ಭಾರವೆನಿಸುತ್ತದೆ.

ಮಡಗಾಸ್ಕರ್ ದೂರವಾದ ಮೇಲೂ ಸೀಳುವಿಕೆ ನಿಲ್ಲಲಿಲ್ಲ. ದಖ್ಖನ್ ಲಾವಾ ಉಕ್ಕಿದ ಬೆನ್ನಿಗೇ, ಸುಮಾರು 6.3 ಕೋಟಿ ವರ್ಷದ ಹಿಂದೆ, ಹಬ್ಬುವ ಬೆಟ್ಟಸಾಲು ಭಾರತದ ಕಡೆಗೆ ಜಿಗಿದು ಸೇಶೆಲ್ಸ್ ಗ್ರಾನೈಟನ್ನು ಕತ್ತರಿಸಿ ಆಚೆಗೆ ಬಿಟ್ಟಿತು. ಈ ಎರಡು ಸೀಳುವಿಕೆಗಳ ನಡುವಿನ ಒಗಟೇ ಲಕ್ಷ್ಮಿ ಬೇಸಿನ್: ನಮ್ಮ ಪಡುವಣ ಅಂಚಿಗೂ ಲಕ್ಷ್ಮಿ ದಿಣ್ಣೆಗೂ ನಡುವಿನ ತಗ್ಗು. ದಿಣ್ಣೆ ಖಂಡದ ಚೂರೆಂದು ನೈನಿ ಮತ್ತು ಮಾಣಿಕ್ ತಲ್ವಾನಿ 1982ರಲ್ಲಿ ಹೇಳಿದರು. 1994ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಭಟ್ಟಾಚಾರ್ಯ ಮತ್ತು ಸಂಗಡಿಗರು ತಗ್ಗಿನಲ್ಲಿ ಕಾಂತಪಟ್ಟೆಗಳನ್ನು ಗುರುತಿಸಿ, ಇಲ್ಲೂ ಕಡಲತಳ ಹಬ್ಬಿ ನಿಂತುಹೋಯಿತೆಂದರು. ಇದು ಹಿಗ್ಗಿದ ಖಂಡದ ತಳವಷ್ಟೇ ಎಂದವರೂ ಇದ್ದರು. 2015ರಲ್ಲಿ ಧನಂಜಯ್ ಪಾಂಡೆ, ಪೀಟರ್ ಕ್ಲಿಫ್ಟ್ ಮುಂದಾಳತ್ವದಲ್ಲಿ ಕೊರೆಯುವ ಹಡಗು 'ಜೊಯ್ಡೆಸ್ ರೆಸಲ್ಯೂಷನ್' 3,500 ಮೀಟರ್ ನೀರಿನಡಿ, ಸಾವಿರ ಮೀಟರಿಗೂ ಮಿಕ್ಕ ಹೂಳು ದಾಟಿ ಬಸಾಲ್ಟ್ ಮುಟ್ಟಿತು. ಸಿಕ್ಕಿದ್ದು ತುಸುವೇ ಕಲ್ಲು. ಅದರ ರಸಾಯನದಲ್ಲಿ, ಒಂದು ಫಲಕ ಇನ್ನೊಂದರಡಿ ಜಾರುವ ಕಡೆಗಳ ಲಕ್ಷಣವಿದೆಯೆಂದು 2019ರಲ್ಲಿ ಪಾಂಡೆ ತಂಡ ಬರೆಯಿತು. ಒಂದೇ ತೂತಿನ ಕಲ್ಲನ್ನು ನಂಬಿ ಇಡೀ ಅಂಚಿನ ಇತಿಹಾಸವನ್ನು ತಿದ್ದುವುದು ಅವಸರವಾದೀತು. ಆ ತಗ್ಗಿನಲ್ಲೇ ರಾಮನ್, ಪಣಿಕ್ಕರ್, ವಾಡಿಯಾ ಹೆಸರಿನ ಮುಳುಗಿದ ಜ್ವಾಲಾಮುಖಿ ಬೆಟ್ಟಗಳಿವೆ. ಮುಂದಿನ ಕೊರೆತ ಅವುಗಳ ಮೇಲೇ ಆಗಬೇಕು.