ಕೆಂಪು ರಕ್ತಕಣಗಳ ಪಕ್ವತೆ: ಸಂಶೋಧನೆಯ ಚರಿತ್ರೆ

ವಯಸ್ಕರಲ್ಲಿ ಕೆಂಪು ರಕ್ತಕಣಗಳು ಹುಟ್ಟಿ ಬಲಿಯುವುದು ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆಗಳೊಳಗಿನ ಕೆಂಪು ಮಜ್ಜೆಯಲ್ಲಿ. ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಅಲ್ಲಿ ತಯಾರಾಗುತ್ತವೆ. ಆಕರಕೋಶದಿಂದ ಕವಲೊಡೆದ ದೊಡ್ಡ ಕೋಶವೊಂದು ಸುಮಾರು ಒಂದು ವಾರದಲ್ಲಿ ಹಲವು ಸಲ ವಿಭಜನೆಗೊಂಡು ಕಿರಿದಾಗುತ್ತ, ಹಿಮೊಗ್ಲೋಬಿನ್ ತುಂಬಿಕೊಳ್ಳುತ್ತ, ಕೊನೆಗೆ ತನ್ನ ನ್ಯೂಕ್ಲಿಯಸನ್ನೇ ಹೊರದಬ್ಬುತ್ತದೆ. ಹೀಗೆ ಉಳಿದ ರೆಟಿಕ್ಯುಲೋಸೈಟ್ ರಕ್ತಕ್ಕಿಳಿದ ಒಂದೆರಡು ದಿನಗಳಲ್ಲಿ ಪೂರ್ಣ ಬಲಿತು, ಸುಮಾರು 120 ದಿನ ಬಾಳುತ್ತದೆ. ಉತ್ಪಾದನೆಯ ವೇಗವನ್ನು ಹಿಡಿತದಲ್ಲಿಡುವುದು ಮೂತ್ರಪಿಂಡದಲ್ಲಿ ತಯಾರಾಗುವ ಎರಿಥ್ರೊಪಾಯಿಟಿನ್ ಎಂಬ ಹಾರ್ಮೋನು.

ರಕ್ತ ಹುಟ್ಟುವುದು ಮಜ್ಜೆಯಲ್ಲಿ ಎಂಬುದನ್ನು 1868ರಲ್ಲಿ ಜರ್ಮನಿಯ ಅರ್ನ್‌ಸ್ಟ್ ನ್ಯೂಮನ್ ಮತ್ತು ಇಟಲಿಯ ಜೂಲಿಯೊ ಬಿಜೊಜೆರೊ ತೋರಿಸಿಕೊಟ್ಟರು. ಕಣಗಳು ಬಲಿಯದೆ ಅರ್ಧದಲ್ಲೇ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಮುಕ್ಕಾಲು ಶತಮಾನ ಬೇಕಾಯಿತು. ಆ ಉತ್ತರದ ಮುಖ್ಯ ಸುಳಿವೊಂದು ಸಿಕ್ಕಿದ್ದು ಭಾರತದ ಬಡ ಗರ್ಭಿಣಿಯರಲ್ಲಿ.

ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ಜವಳಿ ಗಿರಣಿಗಳ ಕೆಲಸಗಾರ್ತಿಯರಲ್ಲಿ ಗರ್ಭಿಣಿಯಾಗಿದ್ದಾಗ ತೀವ್ರ ರಕ್ತಹೀನತೆ ಕಾಣಿಸುತ್ತಿತ್ತು. ಅವರ ಕಣಗಳು ಅತಿಯಾಗಿ ದೊಡ್ಡವಾಗಿದ್ದವು. ಇದು ಸೋಂಕಲ್ಲ, ಊಟದ ಕೊರತೆ ಎಂದು ವಿಲ್ಸ್ ಸರಿಯಾಗಿಯೇ ಶಂಕಿಸಿದರು. 1929ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಯೀಸ್ಟ್ ಸಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಸಾರದಲ್ಲಿದ್ದ ಅಜ್ಞಾತ ವಸ್ತುವಿಗೆ ‘ವಿಲ್ಸ್ ಅಂಶ’ ಎಂದೇ ಹೆಸರಾಯಿತು.

ಅದೇ ಫೋಲಿಕ್ ಆಮ್ಲ. 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಸಂಶ್ಲೇಷಿಸಿದ ತಂಡದ ಮುಂದಾಳು ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಫೋಲಿಕ್ ಆಮ್ಲ ಅಥವಾ ವಿಟಮಿನ್ ಬಿ12 ಕಡಿಮೆಯಾದರೆ ಕೋಶದಲ್ಲಿ ಡಿಎನ್‌ಎ ತಯಾರಿಕೆ ಕುಂಟುತ್ತದೆ. ನ್ಯೂಕ್ಲಿಯಸ್ ಬಲಿಯದೆ ಕೋಶ ಮಾತ್ರ ಊದುತ್ತದೆ, ಅಂಥವು ಬಹಳಷ್ಟು ಮಜ್ಜೆಯಲ್ಲೇ ಸಾಯುತ್ತವೆ.

ಕೂನೂರಿನ ಅದೇ ಆವರಣದಲ್ಲಿ ವೈದ್ಯ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಆರಂಭಿಸಿದ್ದ ಪೋಷಣಾ ಸಂಶೋಧನೆಯ ಘಟಕ ಬೆಳೆದು, 1958ರಲ್ಲಿ ಹೈದರಾಬಾದಿನ ತಾರ್ನಾಕಾಕ್ಕೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಗೆ ಬಂತು. 1969ರಲ್ಲಿ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಇಲ್ಲಿ ಮುಖ್ಯವಾದದ್ದು ಕಬ್ಬಿಣದ ಪ್ರಶ್ನೆ. ಕಬ್ಬಿಣವಿಲ್ಲದೆ ಹಿಮೊಗ್ಲೋಬಿನ್ ಕೂಡಿಬರದು, ಕಣಗಳು ಚಿಕ್ಕವಾಗಿ, ಬಿಳಿಚಿಕೊಂಡು ಹೊರಬರುತ್ತವೆ. ಅಕ್ಕಿ, ಜೋಳ, ಬೇಳೆಗಳಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲಿನ ಫೈಟೇಟ್ ಅದನ್ನು ಕರುಳು ಹೀರದಂತೆ ತಡೆಯುತ್ತದೆ. ಎಲ್ಲರೂ ದಿನವೂ ತಿನ್ನುವ ಉಪ್ಪಿಗೇ ಕಬ್ಬಿಣ ಬೆರೆಸುವ ವಿಧಾನವನ್ನು ಸಂಸ್ಥೆ ರೂಪಿಸಿತು. ಮುಂದೆ ಅಯೋಡಿನ್ನನ್ನೂ ಸೇರಿಸಬೇಕಾದಾಗ ತೊಡಕಾಯಿತು: ಕಬ್ಬಿಣದ ಜೊತೆ ಅಯೋಡಿನ್ ನಿಲ್ಲುವುದಿಲ್ಲ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಸ್ಥಿರಕಾರಿಯಾಗಿ ಬಳಸಿ ಎರಡನ್ನೂ ಒಂದೇ ಉಪ್ಪಿನಲ್ಲಿ ಹಿಡಿದಿಟ್ಟದ್ದು ಈ ಸಂಸ್ಥೆಯ ದೊಡ್ಡ ಸಾಧನೆ.

1970ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚಲಾಯಿತು; 2018ರಿಂದ ಅದು ‘ಅನೀಮಿಯಾ ಮುಕ್ತ ಭಾರತ’ ಎಂಬ ಹೆಸರಿನಲ್ಲಿ ವಿಸ್ತಾರಗೊಂಡಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು.