ಸಬ್‌ಕ್ವೆರಿ ಮತ್ತು ಸೊನ್ನೆ: ಕ್ವೆರಿ ಆಪ್ಟಿಮೈಜರ್‌ಗಳ ಚರಿತ್ರೆಯಲ್ಲೊಂದು ಎಡವು

ಗಜೇಂದ್ರಗಡ ಸೀಮೆಯ ಮುಶಿಗೇರಿಯಲ್ಲಿ ಹೊಲದ ದಾಖಲೆಗೆ ಜನರ ಬಾಯಲ್ಲಿರುವ ಹೆಸರು ಉತಾರ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ಉತಾರವೂ ಕೈಬರಹ ಬಿಟ್ಟು ಡೇಟಾಬೇಸ್ ಸೇರಿತು. ಡೇಟಾಬೇಸನ್ನು ಕೇಳುವ ಪ್ರಶ್ನೆಯೊಳಗೆ ಮತ್ತೊಂದು ಪ್ರಶ್ನೆ ಅಡಗಿದ್ದರೆ ಅದು ಸಬ್‌ಕ್ವೆರಿ. ‘ತಮ್ಮ ಊರಿನ ಸರಾಸರಿಗಿಂತ ಹೆಚ್ಚು ಹೊಲ ಇರುವ ಖಾತೆದಾರರು ಯಾರು?’ ಎಂಬುದು ಅಂಥ ಪ್ರಶ್ನೆ. ಇಂಥ ಪ್ರಶ್ನೆಗಳನ್ನು ಬಿಡಿಸುವ ವಿದ್ಯೆಯ ಚರಿತ್ರೆಯನ್ನು ವೇಗದ ಕಥೆಯಾಗಿ ಹೇಳುವುದು ರೂಢಿ. ಆದರೆ ವೇಗಕ್ಕಿಂತ ಮೊದಲು ಅದು ಸರಿಯುತ್ತರದ ಕಥೆ ಎಂಬುದು ಈ ಲೇಖನದ ವಾದ.

1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಸಿಸ್ಟಮ್ ಆರ್ ಡೇಟಾಬೇಸಿನ ಆಪ್ಟಿಮೈಜರ್ (ಪ್ರಶ್ನೆಗೆ ಕಡಿಮೆ ಖರ್ಚಿನ ದಾರಿ ಆರಿಸುವ ಭಾಗ) ಕುರಿತು ಬರೆದರು. ಹೊರಗಿನ ಸಾಲನ್ನು ಅವಲಂಬಿಸಿದ ಸಬ್‌ಕ್ವೆರಿಯನ್ನು ಅಲ್ಲಿ ಸಾಲುಸಾಲಿಗೂ ಹೊಸದಾಗಿ ಓಡಿಸಬೇಕು. ನಮ್ಮ ಉದಾಹರಣೆಯಲ್ಲಾದರೆ ಒಂದೇ ಊರಿನ ಸಾಲುಗಳು ಒಟ್ಟಿಗೆ ಬರುವಂತೆ ವಿಂಗಡಿಸಿಕೊಂಡರೆ ಹಿಂದಿನ ಉತ್ತರವನ್ನೇ ಮತ್ತೆ ಬಳಸಬಹುದು ಎಂಬ ಸೂಚನೆಯೂ ಅದರಲ್ಲಿತ್ತು.

1982ರಲ್ಲಿ ವಾನ್ ಕಿಮ್ ಬೇರೆ ದಾರಿ ಹಿಡಿದರು. ಒಳಗಿನ ಲೆಕ್ಕವನ್ನು ಎಲ್ಲ ಊರುಗಳಿಗೂ ಒಂದೇ ಸಲ ಗುಂಪುಗುಂಪಾಗಿ ಮಾಡಿ ತಾತ್ಕಾಲಿಕ ಟೇಬಲ್‌ನಲ್ಲಿಟ್ಟು, ಆಮೇಲೆ ಮೂಲ ಟೇಬಲ್‌ಗೆ ಜಾಯಿನ್ ಮಾಡುವುದು ಅವರ ಉಪಾಯ. ಸಬ್‌ಕ್ವೆರಿಯನ್ನು ಹೀಗೆ ಬಿಚ್ಚಿದರೆ ಸಾವಿರಾರು ಸುತ್ತು ಉಳಿತಾಯವಾಗುತ್ತದೆ. ಆದರೆ ಇಲ್ಲಿ ಒಂದು ದೋಷ ಉಳಿದಿತ್ತು. ನಮ್ಮ ಉತಾರದ ಉದಾಹರಣೆಯಲ್ಲೇ ನೋಡಬಹುದು. ‘ಬೋಜಾ (ಹೊಲದ ಮೇಲಿನ ಸಾಲ) ನಮೂದುಗಳ ಎಣಿಕೆ ಸೊನ್ನೆ ಇರುವ ಉತಾರಗಳು ಯಾವುವು?’ ಎಂದು ಕೇಳೋಣ. ಸಾಲುಸಾಲಿಗೆ ಓಡಿಸಿದರೆ ಸಾಲವಿಲ್ಲದ ರೈತನಿಗೆ ಎಣಿಕೆ ಸೊನ್ನೆ ಬಂದು, ಅವನ ಉತಾರ ಉತ್ತರದಲ್ಲಿರುತ್ತದೆ. ಕಿಮ್ ದಾರಿಯಲ್ಲಿ ಗುಂಪು ಕಟ್ಟುವುದು ಬೋಜಾ ಟೇಬಲ್‌ನಿಂದ. ಬೋಜಾವೇ ಇಲ್ಲದವನಿಗೆ ಅಲ್ಲಿ ಗುಂಪೂ ಇಲ್ಲ, ಸೊನ್ನೆಯೂ ಇಲ್ಲ. ಜಾಯಿನ್ ಆಗುವಾಗ ಅವನ ಸಾಲು ಉದುರಿಹೋಗುತ್ತದೆ. ಯಂತ್ರ ದೋಷ ತೋರಿಸುವುದಿಲ್ಲ. ತಪ್ಪು ಪಟ್ಟಿಯನ್ನು ಬೇಗ ಕೊಡುತ್ತದೆ, ಅಷ್ಟೆ.

ಇದನ್ನು 1984ರಲ್ಲಿ ಎತ್ತಿ ತೋರಿಸಿದವರು ವೆರ್ನರ್ ಕಿಸ್ಲಿಂಗ್. 1987ರಲ್ಲಿ ಗ್ಯಾನ್ಸ್ಕಿ ಮತ್ತು ವಾಂಗ್ ಔಟರ್ ಜಾಯಿನ್ ಬಳಸಿ, ಜೊತೆ ಸಿಗದ ಸಾಲನ್ನೂ ಉಳಿಸಿಕೊಂಡು ಸೊನ್ನೆ ಎಣಿಸುವ ದಾರಿ ಕೊಟ್ಟರು. ‘ಕೌಂಟ್ ಬಗ್’ ಎಂದೇ ಹೆಸರಾದ ಈ ಎಡವಟ್ಟನ್ನು ನಾನು ಇಡೀ ಚರಿತ್ರೆಯ ತಿರುವು ಎಂದು ಎಣಿಸುತ್ತೇನೆ. ಪ್ರಶ್ನೆಯ ರೂಪ ಬದಲಿಸುವವರು ಅರ್ಥ ಕೆಡಲಿಲ್ಲವೆಂದು ತೋರಿಸುವ ಹೊಣೆಯನ್ನೂ ಹೊರಬೇಕು ಎಂಬುದು ಇಲ್ಲಿಂದ ಗಟ್ಟಿಯಾಯಿತು. 2001ರಲ್ಲಿ ಮೈಕ್ರೋಸಾಫ್ಟ್‌ನ ಗಲಿಂಡೊ-ಲೆಗಾರಿಯಾ ಮತ್ತು ಜೋಶಿ, ಸಬ್‌ಕ್ವೆರಿಯನ್ನು ‘ಅಪ್ಲೈ’ ಎಂಬ ಬೀಜಗಣಿತದ ಕ್ರಿಯೆಯಾಗಿ ಬರೆದು ಚಿಕ್ಕ ಚಿಕ್ಕ ನಿಯಮಗಳಿಂದ ಬಿಚ್ಚಿದ್ದು ಅದೇ ಹೊಣೆಯ ಫಲ. 2015ರಲ್ಲಿ ನಾಯ್‌ಮನ್ ಮತ್ತು ಕೆಂಪರ್ ಎಂಥ ಸಬ್‌ಕ್ವೆರಿಯನ್ನಾದರೂ ಬಿಚ್ಚುವ ಸಾಮಾನ್ಯ ವಿಧಾನ ಮುಂದಿಟ್ಟರು.

ಭಾರತದ ಪಾಲು ಇಲ್ಲಿ ಸಣ್ಣದಲ್ಲ. ಬಾಂಬೆ ಐಐಟಿಯ ರವೀಂದ್ರ ಗುರವಣ್ಣವರ, ರಾಮಾನುಜಂ ಮತ್ತು ಎಸ್. ಸುದರ್ಶನ್ 2005ರಲ್ಲಿ ಸೆಲಿಂಜರ್ ಕಾಲದ ವಿಂಗಡಣೆಯ ಸೂಚನೆಯನ್ನು ಮತ್ತೆ ಕೈಗೆತ್ತಿಕೊಂಡರು. ಹೊರಗಿನ ಮೌಲ್ಯಗಳು ಕ್ರಮವಾಗಿ ಬಂದರೆ ಒಳಗಿನ ಓದು ನಿಂತಲ್ಲಿಂದಲೇ ಮುಂದುವರಿಯಬಹುದು. ಆಗ ಬಿಚ್ಚದೆಯೂ ಲಾಭವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರ ಬಳಗ ಅದೇ ವರ್ಷ, ಆಪ್ಟಿಮೈಜರ್‌ಗಳು ಯಾವ ಅಂದಾಜಿಗೆ ಕ್ವೆರಿ ಓಡಿಸುವ ಯಾವ ಯೋಜನೆ ಆರಿಸುತ್ತವೆ ಎಂಬುದನ್ನು ಬಣ್ಣದ ನಕ್ಷೆಗಳಾಗಿ ಬಿಡಿಸಿತು. ಸುದರ್ಶನ್ ಅವರ ಶಿಷ್ಯ ಕಾರ್ತಿಕ್ ರಾಮಚಂದ್ರ ಮತ್ತು ಸಂಗಡಿಗರ ‘ಫ್ರಾಯ್ಡ್’ ಇನ್ನೂ ಮುಂದೆ ಹೋಗಿ, ಸಾಲುಸಾಲಿಗೆ ಕರೆಯುವ ಫಂಕ್ಷನ್ನನ್ನೇ ಸಬ್‌ಕ್ವೆರಿಯಾಗಿ ಬರೆದು ‘ಅಪ್ಲೈ’ ನಿಯಮಗಳಿಗೆ ಒಪ್ಪಿಸಿತು. ಅದು ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿ ಬಳಕೆಗೆ ಬಂತು.

ವೇಗಕ್ಕಾಗಿ ಸಬ್‌ಕ್ವೆರಿಯನ್ನು ಕೈಯಾರೆ ಜಾಯಿನ್ ಆಗಿ ತಿದ್ದುವವರು ಇಂದಿಗೂ ಕಿಮ್ ಎಡವಿದ ಕಲ್ಲಿಗೇ ಎಡವಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಕ್ಯೂಎಲ್ ಕಲಿಸುವವರು ಜಾಯಿನ್ ಪಾಠದ ಜೊತೆಗೇ ಕೌಂಟ್ ಬಗ್ಗನ್ನೂ ಕಲಿಸಬೇಕು. ಒಂದೂ ನಮೂದಿಲ್ಲದ ಸಾಲನ್ನು ಇಟ್ಟು ಪರೀಕ್ಷಿಸದೆ ಯಾವ ತಿದ್ದಿದ ಕ್ವೆರಿಯನ್ನೂ ಒಪ್ಪಬಾರದು.